ರೇಡಿಯೇಷನ್‌ಗೆ ಹೊರಡುವ ಮೊದಲು ಒಮ್ಮೆ ಬಾಯಿ ತೋರಿಸಿ

ಮೂಡಿಗೆರೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡವರಿಗೂ ಕ್ಯಾನ್ಸರ್‌ಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಜಾಸ್ತಿನೇ ಇದೆ. ಬಾಯಿ ಕ್ಯಾನ್ಸರ್ ಎಷ್ಟೋ ಸಲ ಮೊದಲು ಕಾಣುವುದು ಹಲ್ಲಿನ ಡಾಕ್ಟರ ಕಣ್ಣಿಗೆ. ಚಿಕಿತ್ಸೆ ಮುಗಿಸಿ ಊರಿಗೆ ಬಂದ ಮೇಲೆ ಬಾಯಿ ಒಣಗಿತು, ಹಲ್ಲು ಪುಡಿಯಾಯಿತು, ದವಡೆ ಬಿಗಿಯಿತು ಅಂತ ಬರುವುದೂ ನಮ್ಮ ಹತ್ತಿರವೇ. ನಡುವಿನ ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ, ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಕಡೆಯಲ್ಲೋ ನಡೆಯುತ್ತದೆ. ಅದರ ಹಿಂದೆ ಮುಂದೆ ಇರುವ ಸಣ್ಣ ಕೆಲಸವನ್ನು ನಾನು ಹೇಗೆ ಮಾಡುತ್ತಾ ಬಂದಿದ್ದೇನೆ ಅನ್ನುವುದಷ್ಟೇ ಇಲ್ಲಿದೆ.

ಮೊದಲು ಚಟದ ವಿಷಯ. 'ಹೊಗೆಸೊಪ್ಪು ತಿಂತೀರಾ?' ಅಂತ ನೇರವಾಗಿ ಕೇಳಿದರೆ ಹೆಚ್ಚಿನವರು 'ಇಲ್ಲ ಡಾಕ್ಟ್ರೇ' ಅಂತಾರೆ. ಹೆಂಗಸರಂತೂ, ಪಕ್ಕದಲ್ಲಿ ಮಗನೋ ಅಳಿಯನೋ ನಿಂತಿದ್ದರೆ, ಹೇಳುವುದೇ ಇಲ್ಲ. ಅದಕ್ಕೆ ನಾನು 'ಎಲೆ ಅಡಿಕೆಗೆ ಏನೇನು ಸೇರಿಸ್ತೀರಿ?' ಅಂತ ಕೇಳುತ್ತೇನೆ. ಆಗ ಸುಣ್ಣ ಎಷ್ಟು, ಕಡ್ಡಿಪುಡಿ (ಹೊಗೆಸೊಪ್ಪಿನ ಪುಡಿ) ಎಷ್ಟು, ಅಡಿಕೆ ಹಸಿಯದೋ ಒಣಗಿದ್ದೋ, ಎಲ್ಲ ಸಲೀಸಾಗಿ ಹೊರಗೆ ಬರುತ್ತದೆ. ಮುಂದಿನ ಪ್ರಶ್ನೆ 'ಯಾವ ಕಡೆ ಇಟ್ಕೊಳ್ತೀರಿ?' ಬೆರಳು ತಾನಾಗಿಯೇ ಒಂದು ಕೆನ್ನೆಗೆ ಹೋಗುತ್ತದೆ. ಆ ಕಡೆಯ ಕೆನ್ನೆಯ ಒಳಭಾಗ, ಕೆಳಗಿನ ಒಸಡು, ಎರಡರ ನಡುವಿನ ಸಂದಿ, ಇಷ್ಟನ್ನು ಕನ್ನಡಿ ಹಿಡಿದು ನಿಧಾನವಾಗಿ ನೋಡುತ್ತೇನೆ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲೇ, ಎಲೆ ಅಡಿಕೆ ಉಂಡೆ ಕೂರುವ ಜಾಗದಲ್ಲಿ. ಕೊನೆಯ ಪ್ರಶ್ನೆ, 'ರಾತ್ರಿ ಬಾಯಲ್ಲಿ ಇಟ್ಕೊಂಡೇ ಮಲಗ್ತೀರಾ?' ಎಷ್ಟು ಹೊತ್ತು ತಾಗಿಕೊಂಡಿರುತ್ತದೋ ಅಷ್ಟು ಹಾನಿ ಜಾಸ್ತಿ.

ಬೈದು ಪ್ರಯೋಜನವಿಲ್ಲ. ಜೂನ್ ಜುಲೈ ಮಳೆಯಲ್ಲಿ ಗೊರಬು ಹಾಕಿಕೊಂಡು ಕಾಫಿ ತೋಟದಲ್ಲಿ ಇಡೀ ದಿನ ನಿಲ್ಲುವವರಿಗೆ ಎಲೆ ಅಡಿಕೆ ಚಳಿಗೂ ಹೌದು, ಹಸಿವಿಗೂ ಹೌದು. ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವ ಅಜ್ಜಿಯರಿಗೆ ನಾನು ಮೊದಲ ದಿನವೇ 'ಎಲ್ಲ ಬಿಡಿ' ಅನ್ನುವುದಿಲ್ಲ. 'ಮೊದಲು ಕಡ್ಡಿಪುಡಿ ಬಿಡಿ, ರಾತ್ರಿ ಬಾಯಿ ತೊಳೆದು ಮಲಗಿ, ಮುಂದಿನ ಸಂತೆಗೆ ಬಂದಾಗ ಮಾತಾಡೋಣ' ಅಂತೀನಿ. ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ.

ಕಷ್ಟದ ಮಾತುಕತೆ ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರ ಜೊತೆ. 'ಹೊಗೆಸೊಪ್ಪು ಕೆಟ್ಟದ್ದು ಸರಿ, ಅಡಿಕೆ ಏನು ಮಾಡುತ್ತೆ? ನಮ್ಮಜ್ಜ ಸಾಯೋ ತನಕ ಕವಳ ಹಾಕಿದ್ರು.' ಅಜ್ಜನಿಗೆ ಬರಲಿಲ್ಲ ಅನ್ನುವುದು ನಿಜವೇ ಇರಬಹುದು. ತಿಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಬರುವ ಅಪಾಯ ಹೆಚ್ಚುತ್ತದೆ ಅಷ್ಟೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಅಂತ ಮೊದಲ ಗುಂಪಿಗೆ ಸೇರಿಸಿದೆ. ಬೆಲೆ ಬಿದ್ದು ಹೋಗುತ್ತದೆ ಅನ್ನುವ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಕ್ಲಿನಿಕ್ಕಿನ ಬಾಡಿಗೆಯೂ ಒಂದು ಲೆಕ್ಕದಲ್ಲಿ ಅಡಿಕೆ, ಕಾಫಿ, ಮೆಣಸಿನ ದುಡ್ಡೇ. ಆದರೆ ಕನ್ನಡಿಯಲ್ಲಿ ಕಾಣುವುದನ್ನು ಕಾಣುವುದಿಲ್ಲ ಅನ್ನಲು ಆಗುವುದಿಲ್ಲ.

ಗುಟ್ಕಾ ಕಥೆ ಬೇರೆ. ಕರ್ನಾಟಕದಲ್ಲಿ 2013ರಲ್ಲಿ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ, ಬಾಯಲ್ಲಿ ಎರಡೂ ಒಂದೇ. ಇದನ್ನು ತಿನ್ನುವ ಹುಡುಗರಲ್ಲಿ ನನಗೆ ಮೊದಲು ಕಾಣುವುದು ಕ್ಯಾನ್ಸರ್ ಅಲ್ಲ, ಬಾಯಿ ಬಿಗಿಯುವುದು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶದಿಂದ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಯುತ್ತದೆ. ಬೆರಳಿಟ್ಟು ಸವರಿದರೆ ಹಗ್ಗದ ಹಾಗೆ ಸಿಗುತ್ತದೆ. ಖಾರ ತಿಂದರೆ ಉರಿ. ಪಾನಿಪುರಿ ಇಡಿಯಾಗಿ ಬಾಯಿಗೆ ಹೋಗುವುದಿಲ್ಲ. ಹೀಗೆ ಆದವರಲ್ಲಿ ಒಂದಷ್ಟು ಜನರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗುತ್ತದೆ. ಇದರ ಜೊತೆ ಬೀಡಿ, ಸಾರಾಯಿ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಯಾವ ಚಟವೂ ಇಲ್ಲದೆ ನಾಲಿಗೆಯ ಅಂಚಿನಲ್ಲಿ ಕ್ಯಾನ್ಸರ್ ಆದವರೂ ಇದ್ದಾರೆ. ಹಾಗಾಗಿ ಚಟ ಇಲ್ಲ ಅಂದ ತಕ್ಷಣ ನಾನು ಕನ್ನಡಿ ಕೆಳಗಿಡುವುದಿಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ಇಂಥದ್ದು ಕಂಡರೆ ಬಯಾಪ್ಸಿಗೆ, ಅಂದರೆ ಅಲ್ಲಿಂದ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆಗೆ, ಕಳಿಸುತ್ತೇನೆ. ಚುಚ್ಚಿದರೆ ಹರಡುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಚುಚ್ಚದೆ ಮುಲಾಮು ಹಚ್ಚಿಕೊಂಡು ಕೂತವರಲ್ಲೇ ಅದು ಹರಡಿರುವುದು ನಾನು ನೋಡಿರುವುದು.

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದ ದಿನ ಮನೆಯವರ ತಲೆಯಲ್ಲಿ ಹಲ್ಲು ಇರುವುದೇ ಇಲ್ಲ. ಆದರೆ ನನ್ನ ಕೆಲಸಕ್ಕೆ ಸಮಯ ಸಿಗುವುದು ಆಗ ಮಾತ್ರ. ಸಾಮಾನ್ಯವಾಗಿ ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಹಲ್ಲು ಕಿತ್ತ ಗಾಯ ಮಾಯಲು ಕನಿಷ್ಠ ಎರಡು ವಾರ ಬೇಕು. ಆಪರೇಷನ್ ಆದ ಮೇಲೆ ಬಾಯಿ ಊದಿಕೊಂಡಿರುತ್ತದೆ, ಹೊಲಿಗೆ ಇರುತ್ತದೆ, ತೆರೆಯುವುದಕ್ಕೇ ಆಗುವುದಿಲ್ಲ. ಅದಕ್ಕೆ ನಾನು ಆಪರೇಷನ್‌ಗೂ ಮೊದಲೇ ಒಂದು ದೊಡ್ಡ ಎಕ್ಸ್‌ರೇ ತೆಗೆಸುತ್ತೇನೆ, ಎರಡೂ ದವಡೆ ಒಂದೇ ಫಿಲ್ಮ್‌ನಲ್ಲಿ ಬರುವಂಥದ್ದು. ಬೇರು ಮಾತ್ರ ಉಳಿದ ಹಲ್ಲು, ಒಸಡು ಕೆಳಗಿಳಿದು ಅಲುಗುತ್ತಿರುವ ಹಲ್ಲು, ಅರ್ಧ ಮೇಲೆ ಬಂದು ಸಿಕ್ಕಿಕೊಂಡ ಬುದ್ಧಿಹಲ್ಲು, ಹುಳುಕು ನರದ ತನಕ ಹೋದ ಕೆಳ ದವಡೆ ಹಲ್ಲು, ಇವೆಲ್ಲವನ್ನೂ ನಂಬರ್ ಹಾಕಿ ಒಂದು ಪತ್ರ ಬರೆದು ಫೈಲಿಗೆ ಪಿನ್ ಮಾಡುತ್ತೇನೆ. ಆಪರೇಷನ್ ಟೇಬಲ್ ಮೇಲೆ ಅದೇ ಅನಸ್ತೇಷಿಯಾದಲ್ಲಿ ಕೀಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಗಡ್ಡೆಯ ಒಳಗೇ ಸಿಕ್ಕಿ ಅಲುಗುವ ಹಲ್ಲನ್ನು ಮಾತ್ರ ನಾನು ಮುಟ್ಟುವುದಿಲ್ಲ. ರೋಗಿ ಎಷ್ಟೇ ಬೇಡಿಕೊಂಡರೂ ಅದು ಸರ್ಜನ್ ಕೆಲಸ.

ಇಷ್ಟು ಅವಸರ ಯಾಕೆ ಅಂದರೆ, ರೇಡಿಯೇಷನ್ ಬಿದ್ದ ಮೂಳೆಯಲ್ಲಿ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಬಾಯಿ ಕ್ಯಾನ್ಸರ್‌ಗೆ ಕೊಡುವ ಡೋಸ್ ಸಾಮಾನ್ಯವಾಗಿ 60 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಅಥವಾ ಇನ್ನೂ ಸ್ವಲ್ಪ ಮೇಲೆ, ದಿನಕ್ಕೆ 2 ಗ್ರೇ ಲೆಕ್ಕದಲ್ಲಿ, ವಾರಕ್ಕೆ ಐದು ದಿನ, ಆರು ವಾರದಿಂದ ಏಳು ವಾರ. ಅಷ್ಟು ಬಿದ್ದ ಮೇಲೆ ಕೆಳ ದವಡೆಯ ಹಲ್ಲು ಕಿತ್ತರೆ ಆ ಗುಳಿ ಮಾಯದೆ ಮೂಳೆ ಹೊರಗೆ ಕಾಣಿಸಿಕೊಂಡು ಕೊಳೆಯುವ ಅಪಾಯ ಇದೆ. ಒಂದೆರಡು ವರ್ಷಕ್ಕೆ ಮುಗಿಯುವ ಅಪಾಯವಲ್ಲ ಇದು, ಜೀವನಪೂರ್ತಿ ಇರುತ್ತದೆ. ಆಲ್ದೂರು ಕಡೆಯ ಒಬ್ಬರು ರೇಡಿಯೇಷನ್ ಮುಗಿದು ವರ್ಷಗಳಾದ ಮೇಲೆ ಬೇರೆ ಊರಿನಲ್ಲಿ ಹಲ್ಲು ಕೀಳಿಸಿಕೊಂಡಿದ್ದರು. ಅಲ್ಲಿ ಯಾರೂ ಹಳೆಯ ಚಿಕಿತ್ಸೆ ಬಗ್ಗೆ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ನನ್ನ ಹತ್ತಿರ ಬಂದಾಗ ಬೆರಳಿನ ಗೆಣ್ಣಿನಷ್ಟು ಮೂಳೆ ಹಳದಿ ಬಣ್ಣಕ್ಕೆ ತಿರುಗಿ ಒಸಡಿನಿಂದ ಹೊರಗಿತ್ತು. ನಾಲಿಗೆಗೆ ಚುಚ್ಚುತ್ತೆ, ಅದನ್ನು ಅರದಿಂದ ಉಜ್ಜಿ ಕೊಡಿ ಅಂತ ಬಂದಿದ್ದರು.

ರೇಡಿಯೇಷನ್ ನಡೆಯುವಾಗ ರೋಗಿ ಬೆಂಗಳೂರಿನಲ್ಲಿ, ನಾನು ಇಲ್ಲಿ. ಫೋನಿನಲ್ಲಿ ಬಾಯಿಯ ಫೋಟೋ ಬರುತ್ತದೆ. ಎರಡನೇ ವಾರದ ಕೊನೆ, ಮೂರನೇ ವಾರದ ಹೊತ್ತಿಗೆ ಬಾಯಿ ಪೂರ್ತಿ ಹುಣ್ಣು. ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಲು ಹೇಳುತ್ತೇನೆ. ಜಾಹೀರಾತಿನಲ್ಲಿ ಬರುವ ಉರಿ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇದ್ದರೆ ಹುಣ್ಣು ಇನ್ನೂ ಕೆರಳುತ್ತದೆ. ಕಟ್ಟಿದ ಹಲ್ಲಿನ ಸೆಟ್ ತೆಗೆದಿಡಿ. ಮಕ್ಕಳ ಬ್ರಶ್ ತಗೊಳ್ಳಿ, ಇನ್ನೂ ಮೆತ್ತಗೆ ಬೇಕಿದ್ದರೆ ಬಿಸಿನೀರಿನಲ್ಲಿ ಅದ್ದಿ. ಹುಳಿ ಖಾರ ಬಿಟ್ಟು ಗಂಜಿ, ಆರಿದ ರಾಗಿ ಅಂಬಲಿ, ಮಿಕ್ಸಿಗೆ ಹಾಕಿದ ಮೊಸರನ್ನ ಕೊಡಿ. ಅರೆಬೆಂದ ಮೊಟ್ಟೆ ಬೇಡ, ಪೂರ್ತಿ ಬೆಂದದ್ದನ್ನೇ ಅರೆದು ಕೊಡಿ. ಬಾಯಲ್ಲಿ ಮೊಸರು ಮೆತ್ತಿದ ಹಾಗೆ ಬಿಳಿ ಪದರ ಕಂಡರೆ ಅಲ್ಲಿನ ಡಾಕ್ಟರಿಗೆ ಅವತ್ತೇ ತೋರಿಸಿ, ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ ಇದೆ.

ಇದೆಲ್ಲಕ್ಕಿಂತ ಜಾಸ್ತಿ ನಾನು ಹೇಳುವುದು ಒಂದೇ ಮಾತು: ಮಧ್ಯದಲ್ಲಿ ಬಿಟ್ಟು ಬರಬೇಡಿ. ಹುಣ್ಣು ತಡೆಯಲಾಗದೆ, 'ನಾಲ್ಕು ದಿನ ಊರಲ್ಲಿ ಇದ್ದು ಹೋಗ್ತೀವಿ' ಅಂತ ಬಸ್ ಹತ್ತುವವರು ಬಹಳ. ಹಬ್ಬ ಬಂದರಂತೂ ಕೇಳುವುದೇ ಬೇಡ. ಆ ಬಿಡುವಿನಲ್ಲಿ ಹುಣ್ಣಿಗೆ ಸ್ವಲ್ಪ ಆರಾಮ ಸಿಗುತ್ತದೆ ನಿಜ. ಆದರೆ ಉಳಿದ ಕ್ಯಾನ್ಸರ್ ಕಣಗಳಿಗೂ ಬೆಳೆಯಲು ಸಮಯ ಸಿಗುತ್ತದೆ, ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ಆಹಾರ ಕೊಡಲು ಮೂಗಿನಲ್ಲಿ ಪೈಪ್ ಹಾಕುತ್ತೇವೆ ಅಂದರೆ 'ಮುಗೀತು' ಅಂತ ಅಳುವ ಮನೆಯವರಿಗೆ ನಾನು ಹೇಳುವುದು, ಪೈಪ್ ಹಾಕುವುದು ಚಿಕಿತ್ಸೆ ನಿಲ್ಲಬಾರದು ಅಂತ, ಹುಣ್ಣು ಮಾಯ್ದ ಮೇಲೆ ತೆಗೆಯುತ್ತಾರೆ. ಹೊಗೆಸೊಪ್ಪು ಬೀಡಿ ಆಗಲೂ ಬಿಡದವರಲ್ಲಿ ಹುಣ್ಣು ಇನ್ನೂ ಜೋರು, ರೇಡಿಯೇಷನ್ ಕೆಲಸವೂ ಸರಿಯಾಗಿ ಆಗುವುದಿಲ್ಲ. 'ಬಂದಿದ್ದು ಬಂತು, ಇನ್ನು ಬಿಟ್ಟು ಏನು' ಅನ್ನುವ ಮಾತಿಗೆ ನನ್ನ ಉತ್ತರ ಇದೇ.

ಊರಿಗೆ ಬಂದ ಮೇಲೆ ನನ್ನ ಪಾಳಿ. ಹುಣ್ಣು ಕೆಲವು ವಾರದಲ್ಲಿ ಮಾಯುತ್ತದೆ, ರುಚಿ ತಿಂಗಳುಗಳಲ್ಲಿ ನಿಧಾನವಾಗಿ ವಾಪಸ್ ಬರುತ್ತದೆ. ಜೊಲ್ಲು ಮಾತ್ರ ಹಲವರಿಗೆ ಮೊದಲಿನ ಹಾಗೆ ಬರುವುದೇ ಇಲ್ಲ. ಜೊಲ್ಲಿಲ್ಲದ ಬಾಯಲ್ಲಿ ಹುಳುಕು ಬರುವ ರೀತಿಯೇ ಬೇರೆ, ಹಲ್ಲಿನ ಕುತ್ತಿಗೆಯ ಸುತ್ತ ಕೊರೆದು ಇಡೀ ಹಲ್ಲು ಮುರಿದು ಬೀಳುತ್ತದೆ. ಅದಕ್ಕೆ ಅಳತೆ ತಗೊಂಡು, ಅಚ್ಚು ಮಾಡಿ, ಮೇಲೆ ಕೆಳಗೆ ಎರಡು ಮೆತ್ತನೆಯ ಪ್ಲಾಸ್ಟಿಕ್ ಟ್ರೇ ಮಾಡಿಕೊಡುತ್ತೇನೆ. ರಾತ್ರಿ ಹಲ್ಲುಜ್ಜಿದ ಮೇಲೆ ಫ್ಲೋರೈಡ್ ಜೆಲ್ ಹಚ್ಚಿ ಐದು ನಿಮಿಷ ಇಟ್ಟುಕೊಂಡು ಉಗುಳಬೇಕು, ಅರ್ಧ ಗಂಟೆ ನೀರು ಕೂಡ ಕುಡಿಯಬಾರದು. ಹುಳಿ ಇಲ್ಲದ ಜೆಲ್ ತರಿಸುತ್ತೇನೆ, ಇಲ್ಲದಿದ್ದರೆ ಉರಿಯಿಂದ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ತರಿಸಲು ಆಗದವರಿಗೆ ಮೂರು ತಿಂಗಳಿಗೊಮ್ಮೆ ನಾನೇ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತೇನೆ. ಬಾಯಿ ಒಣಗುತ್ತೆ ಅಂತ ಪೆಪ್ಪರಮೆಂಟ್ ಚೀಪುವವರು, ಗಂಟೆಗೊಂದು ಲೋಟ ಬೆಲ್ಲದ ಕಾಫಿ ಕುಡಿಯುವವರು ನಮ್ಮಲ್ಲಿ ಬಹಳ. ಕಾಫಿ ಸೀಮೆಯಲ್ಲಿ ಕೂತು ಕಾಫಿಗೆ ಬೆಲ್ಲ ಹಾಕಬೇಡಿ ಅನ್ನುವುದಕ್ಕೂ ಧೈರ್ಯ ಬೇಕು!

ದವಡೆ ಬಿಗಿಯುವುದಕ್ಕೆ ನನ್ನ ಹತ್ತಿರ ಇರುವ ಸಲಕರಣೆ ಐಸ್‌ಕ್ರೀಮ್ ಕಡ್ಡಿ. ಹೊಸ ಕಡ್ಡಿಗಳ ಕಟ್ಟನ್ನೇ ತರಿಸಿಟ್ಟುಕೊಂಡಿದ್ದೇನೆ. ಸ್ಕೇಲ್ ಹಿಡಿದು ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಎಷ್ಟು ತೆರೆಯುತ್ತದೆ ಅಂತ ಅಳೆಯುತ್ತೇನೆ. 35 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬಿಗಿತ ಅಂತ ಲೆಕ್ಕ. ಮನೆಯಲ್ಲಾದರೆ ಮೂರು ಬೆರಳು ಒಟ್ಟಿಗೆ ಹೋಗುತ್ತವಾ ಅಂತ ನೋಡಿದರೆ ಸಾಕು. ಎಷ್ಟು ಕಡ್ಡಿ ಸಲೀಸಾಗಿ ಹೋಗುತ್ತದೋ ಅಷ್ಟನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಹಲ್ಲುಗಳ ನಡುವೆ ಇಟ್ಟುಕೊಂಡು, ಮಧ್ಯಕ್ಕೆ ಇನ್ನೊಂದು ಕಡ್ಡಿಯನ್ನು ಮೆಲ್ಲಗೆ ತೂರಿಸಬೇಕು. ಎಳೆತ ಬರಬೇಕು, ಚುಚ್ಚುವ ನೋವು ಬರಬಾರದು. ದಿನಕ್ಕೆ ನಾಲ್ಕೈದು ಸಲ, ತಿಂಗಳುಗಟ್ಟಲೆ. ರೇಡಿಯೇಷನ್ ಶುರುವಾಗುವ ಮೊದಲೇ ಕಲಿತು ಹೋದವರು ಚೆನ್ನಾಗಿ ಉಳಿಸಿಕೊಳ್ಳುತ್ತಾರೆ. ಅಡಿಕೆಯಿಂದ ಮೊದಲೇ ನಾರು ಕಟ್ಟಿದ್ದವರದು ಡಬಲ್ ಕಷ್ಟ. ಅವರು ಎರಡು ಬೆರಳಿನ ಬಾಯಿ ಹಿಡಿದುಕೊಂಡೇ ಚಿಕಿತ್ಸೆಗೆ ಹೋಗಿರುತ್ತಾರೆ, ಆಪರೇಷನ್ನಿನ ಗಾಯ ಮತ್ತು ರೇಡಿಯೇಷನ್ ಸೇರಿ ಅದನ್ನು ಒಂದು ಬೆರಳಿಗೆ ಇಳಿಸಿರುತ್ತವೆ. ಅಂಥವರ ಹಿಂದಿನ ಹಲ್ಲಿಗೆ ಫಿಲ್ಲಿಂಗ್ ಮಾಡುವುದಕ್ಕೂ ನನ್ನ ಕೈ ಒಳಗೆ ಹೋಗುವುದಿಲ್ಲ.

ಕೀಮೋ ತಗೊಳ್ಳುತ್ತಿರುವವರು ಬಂದರೆ ಮೊದಲು ರಕ್ತದ ರಿಪೋರ್ಟ್ ಕೇಳುತ್ತೇನೆ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ, ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಕೀಳುವುದಿಲ್ಲ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಆಗಿದ್ದರೆ ಕಿಡ್ನಿ ಮೇಲೆ ಪರಿಣಾಮ ಆಗಿರಬಹುದು, ಸುಮ್ನೆ ನೋವಿನ ಮಾತ್ರೆ ಬರೆದುಕೊಡುವ ಹಾಗಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಅವರ ಡಾಕ್ಟರಿಗೆ ತಿಳಿಸಲು ಹೇಳುತ್ತೇನೆ. ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಥೈರಾಯ್ಡ್ ಕುಗ್ಗುವುದು ಉಂಟು. ಸುಸ್ತು, ಮೈ ಭಾರ, ಚಳಿ ತಡೆಯುವುದಿಲ್ಲ ಅಂತ ಬಂದವರಿಗೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದಿರಾ ಅಂತ ಕೇಳಿ ಚೀಟಿ ಕೊಡುತ್ತೇನೆ.

ಬಾಯಿ ಕ್ಯಾನ್ಸರ್ ಅಲ್ಲದವರೂ ನನಗೆ ಮುಖ್ಯವೇ. ಸ್ತನದ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋದಾಗ ಜೊಲೆಡ್ರೋನಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ತಗೊಂಡವರಲ್ಲೂ ಹಲ್ಲು ಕಿತ್ತ ಮೇಲೆ ದವಡೆ ಮೂಳೆ ಮಾಯದೆ ಹೋಗಬಹುದು. ಹಲ್ಲಿನ ಡಾಕ್ಟರಿಗೆ ಇದೆಲ್ಲ ಯಾಕೆ ಅಂತ ಯಾರೂ ತಾವಾಗಿ ಹೇಳುವುದಿಲ್ಲ. ಹಾಗಾಗಿ ಹೊಸ ರೋಗಿಗಳ ಫಾರಂನಲ್ಲಿ ಬಿಪಿ, ಶುಗರ್ ಕೆಳಗೆ ಎರಡು ಸಾಲು ಸೇರಿಸಿದ್ದೇನೆ: ಕರೆಂಟ್ ಚಿಕಿತ್ಸೆ ಆಗಿದೆಯಾ, ಮೂಳೆಗೆ ಇಂಜೆಕ್ಷನ್ ತಗೊಂಡಿದ್ದೀರಾ. ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಕೊಡುವುದು ಅಂತಲೇ ಅನ್ನುವುದು. ಆಗಿದೆ ಅಂದರೆ ಡಿಸ್ಚಾರ್ಜ್ ಶೀಟ್ ತನ್ನಿ ಅಂತೀನಿ. ಯಾವ ಜಾಗಕ್ಕೆ, ಎಷ್ಟು ಗ್ರೇ, ಯಾವ ವರ್ಷ ಅನ್ನುವುದು ಅದರಲ್ಲಿ ಇರುತ್ತದೆ. ಆ ಹಾಳೆ ಸಿಗುವ ತನಕ ನೋವಿಗೆ ಔಷಧಿ ಕೊಡುತ್ತೇನೆ, ಸಾಧ್ಯವಿದ್ದರೆ ಬೇರು ಚಿಕಿತ್ಸೆ ಮಾಡಿ ಹಲ್ಲನ್ನು ಹಾಗೇ ಉಳಿಸುತ್ತೇನೆ. ಇಕ್ಕಳ ಮಾತ್ರ ಕೈಗೆ ತಗೊಳ್ಳುವುದಿಲ್ಲ.