ಕಲಬುರಗಿಯ ಮಾಳಿಗೆ ಮೇಲೆ ಐದು ಇಂಚಿನ ಟೆಲಿಸ್ಕೋಪ್

ಟೆಲಿಸ್ಕೋಪ್ ತಗೋಬೇಕು ಅನ್ನೋರು ನನ್ನನ್ನು ಮೊದಲು ಕೇಳುವುದು ಒಂದೇ: "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ?" ಆ ಪ್ರಶ್ನೆ ಪಕ್ಕಕ್ಕಿಡಿ ಅಂತ ಹೇಳುತ್ತೇನೆ. ಒಳಗೆ ಬೆಳಕು ಹಿಡಿಯುವ ಕನ್ನಡಿ ಎಷ್ಟು ಅಗಲ, ಅದನ್ನು ಎಲ್ಲಿಡುತ್ತೀರಿ, ಎಷ್ಟು ಹೊತ್ತಿಗೆ ನೋಡುತ್ತೀರಿ, ಈ ಮೂರು ಸರಿ ಇದ್ದರೆ ಸಾಕು. ನಮ್ಮ ಕಲಬುರಗಿಯಂಥ ಬಿಸಿಲೂರಿನಲ್ಲಂತೂ ಕೊನೆಯ ಎರಡೇ ಜಾಸ್ತಿ ಮುಖ್ಯ.

ನನ್ನದು 130 ಮಿ.ಮೀ., ಅಂದರೆ ಐದು ಇಂಚಿನ ಕನ್ನಡಿಯ ಟೆಲಿಸ್ಕೋಪ್. ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ, 650 ಮಿ.ಮೀ. ಕತ್ತಲೆಗೆ ಹೊಂದಿಕೊಂಡ ಬರಿಗಣ್ಣು ಹಿಡಿಯುವುದಕ್ಕಿಂತ ಸುಮಾರು 300 ಪಟ್ಟು ಬೆಳಕು ಹಿಡಿಯುತ್ತದೆ. ಸಣ್ಣ ಮರದ ಪೀಠದ ಮೇಲೆ ಕೂರುತ್ತದೆ. ಕೈಯಲ್ಲೇ ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ತಿರುಗಿಸಿದರೆ ಆಯಿತು. ಮೋಟಾರಿಲ್ಲ, ಬ್ಯಾಟರಿ ಇಲ್ಲ. ಇಂಥ ಪೀಠಕ್ಕೆ ಡಾಬ್ಸೋನಿಯನ್ ಅಂತಾರೆ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿ, 1967ರವರೆಗೆ ರಾಮಕೃಷ್ಣ ಸಂಘದ ಸನ್ಯಾಸಿಯಾಗಿದ್ದವರು. ಹಳೆ ಗಾಜು, ರಟ್ಟಿನ ಕೊಳವೆ, ಪ್ಲೈವುಡ್ ಹಿಡಿದು ಟೆಲಿಸ್ಕೋಪ್ ಮಾಡಿ, ಫುಟ್‌ಪಾತ್ ಮೇಲೆ ನಿಂತು ಹೋಗಿಬರುವವರಿಗೆ ಚಂದ್ರನನ್ನು ತೋರಿಸುತ್ತಿದ್ದರು.

ಅಂಗಡಿಯವರು ಈಕ್ವೆಟೋರಿಯಲ್ ಅನ್ನೋ ಇನ್ನೊಂದು ಸ್ಟ್ಯಾಂಡ್ ತೋರಿಸುತ್ತಾರೆ. ನೋಡೋಕೆ ಚೆಂದ. ಆದರೆ ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಹಿಡಿಸಬೇಕು. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ ಬರೀ 17 ಡಿಗ್ರಿ ಎತ್ತರದಲ್ಲಿರುತ್ತದೆ. ಆ ಅಕ್ಷವನ್ನು ಹೆಚ್ಚುಕಡಿಮೆ ಮಲಗಿಸಬೇಕಾಗುತ್ತದೆ, ತೂಕದ ಕಡ್ಡಿ ಸ್ಟ್ಯಾಂಡಿನ ಕಾಲಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಫೋಟೋ ತೆಗೆಯೋ ಉದ್ದೇಶ ಇಲ್ಲದಿದ್ದರೆ ಆ ತಲೆನೋವು ಬೇಡ. ಡಬ್ಬಿ ಮೇಲೆ "525 ಪಟ್ಟು" ಅಂತ ದಪ್ಪ ಅಕ್ಷರದಲ್ಲಿ ಬರೆದಿರುವ ಸಣ್ಣ ಟೆಲಿಸ್ಕೋಪೂ ಬೇಡ. ಕನ್ನಡಿಯ ಮಿಲಿಮೀಟರಿನ ಎರಡರಷ್ಟು ಪವರ್, ಅದೇ ಮಿತಿ. ನನ್ನದಕ್ಕೆ ಲೆಕ್ಕದಲ್ಲಿ 260 ಬರುತ್ತದೆ, ನಮ್ಮೂರ ಗಾಳಿಯಲ್ಲಿ 130 ದಾಟಿದರೆ ಹೆಚ್ಚಿನ ರಾತ್ರಿ ಲಾಭವಿಲ್ಲ.

ಇನ್ನು ಐಪೀಸ್, ಅಂದರೆ ನಾವು ಕಣ್ಣಿಟ್ಟು ನೋಡುವ ಸಣ್ಣ ಲೆನ್ಸ್. ಟೆಲಿಸ್ಕೋಪಿನ ಫೋಕಲ್ ಲೆಂತನ್ನು ಐಪೀಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ಬರುವುದೇ ಪವರ್. ನನ್ನ ಹತ್ತಿರ 25 ಮಿ.ಮೀ. ಇದೆ: 26 ಪಟ್ಟು. 10 ಮಿ.ಮೀ. ಇದೆ: 65 ಪಟ್ಟು. ಜೊತೆಗೆ ಒಂದು ಬಾರ್ಲೋ ಲೆನ್ಸ್, ಅದು ಪವರನ್ನು ಇಮ್ಮಡಿ ಮಾಡುತ್ತದೆ. ಹೊಸಬರು ಸಣ್ಣ ನಂಬರಿನ ಐಪೀಸಿಗೇ ಕೈ ಹಾಕುತ್ತಾರೆ, ಯಾಕಂದ್ರೆ ಅದು ದೊಡ್ಡದು ಮಾಡುತ್ತದಲ್ವಾ. ನಾನು ಮುಕ್ಕಾಲು ಪಾಲು ಹೊತ್ತು ಬಳಸುವುದು 25ನ್ನೇ. ಅದರಲ್ಲಿ ಆಕಾಶದ ಸುಮಾರು ಎರಡು ಡಿಗ್ರಿ ಒಮ್ಮೆಲೇ ಕಾಣುತ್ತದೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ, ಅಂದರೆ ಪಕ್ಕಪಕ್ಕ ನಾಲ್ಕು ಚಂದ್ರ ಹಿಡಿಸುವಷ್ಟು ಜಾಗ. ಬೇಕಾದ್ದನ್ನು ಹುಡುಕೋದು ಸುಲಭ. ಭೂಮಿ ತಿರುಗುತ್ತಿರುವುದರಿಂದ ನೋಡುತ್ತಿರುವ ವಸ್ತು ಸರಿಯುತ್ತಲೇ ಇರುತ್ತದೆ. 26 ಪಟ್ಟಿನಲ್ಲಿ ಒಂದು ಅಂಚಿಂದ ಇನ್ನೊಂದು ಅಂಚಿಗೆ ಹೋಗೋಕೆ ಏಳು ನಿಮಿಷದ ಮೇಲಾಗುತ್ತದೆ. 130 ಪಟ್ಟಿನಲ್ಲಿ ಒಂದೂವರೆ ನಿಮಿಷಕ್ಕೇ ಹೊರಗೆ. ಮಕ್ಕಳಿಗೆ ತೋರಿಸುವಾಗ ಒಬ್ಬರು ಎದ್ದು ಇನ್ನೊಬ್ಬರು ಕೂರೋದ್ರೊಳಗೆ ಶನಿ ಮಾಯ.

ಕನ್ನಡಕದವರಿಗೆ ಒಂದು ಮಾತು. ಸಮೀಪದೃಷ್ಟಿ ಮಾತ್ರ ಇದ್ದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿ, ಸರಿಹೋಗುತ್ತದೆ. ಸಿಲಿಂಡರ್ ನಂಬರ್ ಜಾಸ್ತಿ ಇದ್ದರೆ ಕನ್ನಡಕ ಹಾಕಿಕೊಂಡೇ ನೋಡಬೇಕು. ಆಗ 10 ಮಿ.ಮೀ.ನ ಪ್ಲೋಸಲ್ ಬಗೆಯ ಐಪೀಸಿನಲ್ಲಿ ಕಣ್ಣು ಲೆನ್ಸಿಗೆ ಸಾಕಷ್ಟು ಹತ್ತಿರ ಹೋಗುವುದಿಲ್ಲ. ಕೊಳ್ಳುವ ಮುಂಚೆ ಕಣ್ಣಿಟ್ಟು ನೋಡಿ. ಐಪೀಸಿನ ಕೊಳವೆ ಒಂದೂಕಾಲು ಇಂಚಿನದ್ದೇ ಇರಲಿ. ಮುಂದೆ ಟೆಲಿಸ್ಕೋಪ್ ಬದಲಾಯಿಸಿದರೂ ಅದು ನಡೆಯುತ್ತದೆ.

ಈಗ ನಮ್ಮೂರ ಅಸಲಿ ಸಮಸ್ಯೆಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕುಡಿದ ಆರ್‌ಸಿಸಿ ಮಾಳಿಗೆ ರಾತ್ರಿಯೆಲ್ಲ ಆ ಬಿಸಿ ಬಿಡುತ್ತಿರುತ್ತದೆ. ಎಂಟು ಗಂಟೆಗೆ ಗುರು ಗ್ರಹಕ್ಕೆ ಟೆಲಿಸ್ಕೋಪ್ ಹಿಡಿದರೆ ರೊಟ್ಟಿ ಹಂಚಿನ ಮೇಲಿನ ಗಾಳಿಯಂತೆ ಅದು ನಡುಗುತ್ತಿರುತ್ತದೆ. ಲೆನ್ಸ್ ಬದಲಾಯಿಸಿದರೆ ಪ್ರಯೋಜನ ಇಲ್ಲ, ಕುದಿಯುತ್ತಿರುವುದು ಗಾಳಿ. ನಾನು ಸಂಜೆ ಮಾಳಿಗೆಗೆ ನೀರು ಹೊಡೆಯುತ್ತೇನೆ. ಮಲಗೋಕೆ ಅಂತ ಇಲ್ಲಿ ಎಲ್ಲರೂ ಹೊಡೆಯುವುದೇ, ಹಾಗಾಗಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಗ್ರಹಗಳನ್ನು ಹನ್ನೊಂದರ ಮೇಲೆ ನೋಡುತ್ತೇನೆ. ಪಕ್ಕದ ಮನೆಯ ಏಸಿ ಬಿಸಿಗಾಳಿ ಬಿಡುವ ದಿಕ್ಕಿನಲ್ಲಿ ಏನನ್ನೂ ನೋಡುವುದಿಲ್ಲ. ಹಿತ್ತಲಲ್ಲಿ ಮಣ್ಣಿನ ನೆಲ ಇದ್ದು, ಆಕಾಶವೂ ಕಾಣುವಂತಿದ್ದರೆ ಮಾಳಿಗೆಗಿಂತ ಅದೇ ಒಳ್ಳೆಯದು, ಮಣ್ಣು ಬೇಗ ತಣ್ಣಗಾಗುತ್ತದೆ. ಟೆಲಿಸ್ಕೋಪನ್ನೂ ಅರ್ಧ ಗಂಟೆ ಮೊದಲೇ ಹೊರಗಿಡಿ. ಕನ್ನಡಿ ಹೊರಗಿನ ಗಾಳಿಯ ಹದಕ್ಕೆ ಬರಬೇಕು.

ಪೀಠ ಇಡೋಕೆ ಪ್ಲಾಸ್ಟಿಕ್ ಸ್ಟೂಲ್ ಬಳಸುವವರನ್ನು ನೋಡಿದ್ದೇನೆ. 65 ಪಟ್ಟಿನಲ್ಲಿ ಸ್ಟೂಲಿನ ಅಲುಗಾಟವೂ 65 ಪಟ್ಟು! ನಾನು ಇಟ್ಟಿಗೆ ಜೋಡಿಸಿ ಮೇಲೊಂದು ಶಹಾಬಾದ್ ಫರಸಿ ಹಾಸಿದ್ದೇನೆ. ಮನೆ ಕಟ್ಟುವಾಗ ಉಳಿದ ಕಲ್ಲು. ಮುಟ್ಟಿದರೂ ಅಲುಗದು.

ಗುರಿ ಹಿಡಿಯೋಕೆ ಕೊಳವೆ ಮೇಲೆ ಕೆಂಪು ಚುಕ್ಕಿಯ ಫೈಂಡರ್ ಇರುತ್ತದೆ. ಅದನ್ನು ಹಗಲಲ್ಲೇ ಹೊಂದಿಸಿಡಿ. ದೂರದ ಮೊಬೈಲ್ ಟವರಿನ ತುದಿಯನ್ನು 25ರ ಐಪೀಸಿನ ನಡುವೆ ತಂದು, ಕೆಂಪು ಚುಕ್ಕಿಯನ್ನೂ ಅದೇ ತುದಿಗೆ ಕೂರಿಸಿದರೆ ಮುಗಿಯಿತು. ಇದನ್ನು ಮಾಡುವಾಗ ಸೂರ್ಯನ ಹತ್ತಿರ ಕೂಡ ಟೆಲಿಸ್ಕೋಪ್ ಹೋಗಬಾರದು. ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಕೆಲವು ಅಗ್ಗದ ಸೆಟ್ಟಿನಲ್ಲಿ ಐಪೀಸಿಗೆ ಹಾಕುವ ಕಪ್ಪು "ಸನ್ ಫಿಲ್ಟರ್" ಬರುತ್ತದೆ. ಅದು ಬಿಸಿಗೆ ಸೀಳುತ್ತದೆ, ಕಸಕ್ಕೆ ಹಾಕಿ.

ಮೊದಲು ಚಂದ್ರ. ಆದರೆ ಹುಣ್ಣಿಮೆಯಂದು ಅಲ್ಲ. ಅವತ್ತು ಬೆಳಕು ನೇರ ಬೀಳುತ್ತದೆ, ನೆರಳೇ ಇಲ್ಲ, ಎಲ್ಲ ಚಪ್ಪಟೆ. ಶುಕ್ಲ ಪಕ್ಷದ ಅಷ್ಟಮಿ ಆಸುಪಾಸು ನೋಡಿ. ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಗುಂಡಿಗಳ ಅಂಚು ಎದ್ದು ನಿಲ್ಲುತ್ತದೆ. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಕೊಪರ್ನಿಕಸ್ ಗುಂಡಿ ಬೆಳಕಿಗೆ ಬರುತ್ತದೆ. ಅಗಲ 93 ಕಿ.ಮೀ., ನಡುವೆ ಸಣ್ಣ ಬೆಟ್ಟಗಳ ಗುಂಪು. ಆ ಬೆಟ್ಟದ ತುದಿಗೆ ಮಾತ್ರ ಬಿಸಿಲು ತಾಗಿ ಗುಂಡಿಯ ತಳ ಇನ್ನೂ ಕತ್ತಲಲ್ಲಿರುವ ಒಂದು ಹೊತ್ತಿದೆ. ಅದು ಸಿಕ್ಕರೆ ಬಿಡಬೇಡಿ.

ಗುರುವಿಗೆ 26 ಪಟ್ಟು ಸಾಕು, ನಾಲ್ಕು ಚಂದ್ರರು ಸಾಲಾಗಿ ಕಾಣುತ್ತಾರೆ. 1610ರ ಜನವರಿಯಲ್ಲಿ ಗೆಲಿಲಿಯೋ ನೋಡಿದ್ದು ಇದಕ್ಕಿಂತ ಕಡಿಮೆ ಪವರಿನಲ್ಲೇ. ನಮ್ಮೂರಿಗೂ ಈ ಹುಚ್ಚು ಹಳೆಯದು. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಾ, ಗೆಲಿಲಿಯೋಗಿಂತ ಎರಡು ಶತಮಾನ ಮುಂಚೆ, 1407ರಲ್ಲಿ, ದೌಲತಾಬಾದ್ ಬಳಿ ವೀಕ್ಷಣಾಲಯ ಕಟ್ಟಿಸಲು ಶುರು ಮಾಡಿದ್ದ. ಕೆಲಸ ನೋಡುತ್ತಿದ್ದ ಪಂಡಿತ ತೀರಿಕೊಂಡ, ಅದು ಅರ್ಧಕ್ಕೇ ನಿಂತಿತು ಅಂತ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಟೆಲಿಸ್ಕೋಪೇ ಇಲ್ಲದ ಕಾಲ ಅದು. ಗುರುವಿನ ಚಂದ್ರರು ಆ ಸುಲ್ತಾನನಿಗೆ ಕಾಣದೇ ಹೋದರು, ನಮ್ಮ ಓಣಿಯ ಹುಡುಗರಿಗೆ ಕಾಣುತ್ತಾರೆ. ಅವರಿಗೆ ನಾನೊಂದು ಕೆಲಸ ಹಚ್ಚಿದ್ದೇನೆ: ನೋಟ್‌ಬುಕ್ಕಿನಲ್ಲಿ ಒಂದು ಗುಂಡು, ಅದರ ಆಚೀಚೆ ನಾಲ್ಕು ಚುಕ್ಕಿ, ಪಕ್ಕದಲ್ಲಿ ತಾರೀಖು, ಗಂಟೆ. ಮರುದಿನ ಮತ್ತೆ. ಒಂದು ಚುಕ್ಕಿ ಈ ಕಡೆಯಿಂದ ಆ ಕಡೆಗೆ ಹೋಗಿರುತ್ತದೆ. ಅದು ಹೆಚ್ಚಾಗಿ ಐಓ, ಗುರುವನ್ನು ಎರಡು ದಿನಕ್ಕೂ ಕಡಿಮೆ ಹೊತ್ತಲ್ಲಿ ಸುತ್ತುತ್ತದೆ.

ಶನಿಗೆ 65 ಪಟ್ಟು ಹಾಕಿ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನೇರ ನಮ್ಮ ಕಡೆ ತಿರುಗಿತ್ತು. ಈಗ ಮೆಲ್ಲಗೆ ತೆರೆದುಕೊಳ್ಳುತ್ತಿದೆ. ಉಂಗುರ ತೆಳ್ಳಗೆ ಕಂಡರೆ ಟೆಲಿಸ್ಕೋಪನ್ನು ಬೈಯಬೇಡಿ.

ಚಳಿಗಾಲದಲ್ಲಿ ಕೆಳಗಿನ ಮನೆಯ ಕಾಕಾ ಮೇಲೆ ಬರುತ್ತಾರೆ. ಜೇವರ್ಗಿ ಕಡೆ ಹೊಲ ಮಾಡಿದವರು. "ಯವ್ವಾ, ಇದ್ರಾಗ ನಮ್ಮ ಮಿರಗ ಕಾಣಸ್ತದೇನು?" ಅಂತ ಕೇಳಿದರು.

"ಕಾಣಸ್ತದ್ರಿ ಕಾಕಾ, ಬರ್ರಿ."

"ಮಿರಗ ಬರೋದು ಜೂನ್‌ದಾಗ. ನೀ ಜನವರಿದಾಗ ಹ್ಯಾಂಗ ತೋರಸ್ತಿ?"

ಪ್ರಶ್ನೆ ಸರಿಯಾದದ್ದೇ. ಮಿರಗದ ಮಳೆ ಅನ್ನೋದು ಸೂರ್ಯ ಮೃಗಶಿರ ನಕ್ಷತ್ರದಲ್ಲಿ ಇರುವ ದಿನಗಳ ಲೆಕ್ಕ. ಸೂರ್ಯನೇ ಅಲ್ಲಿ ಕೂತ ಮೇಲೆ ಆ ಚುಕ್ಕಿಗಳು ಕಾಣುವುದು ಹೇಗೆ? ಅವು ರಾತ್ರಿ ಎತ್ತರಕ್ಕೆ ಬರುವುದು ಚಳಿಗಾಲದಲ್ಲೇ. ಸಾಲಾಗಿರುವ ಮೂರು ಚುಕ್ಕಿ ಎಲ್ಲರಿಗೂ ಗೊತ್ತು. ಅದರ ಉತ್ತರಕ್ಕೆ, ಎರಡು ದೊಡ್ಡ ಚುಕ್ಕಿಗಳ ನಡುವೆ ಒಂದು ಪುಟ್ಟ ತ್ರಿಕೋನ ಇದೆ, ಅದೇ ಮೃಗಶಿರ. ಬೀದಿದೀಪದ ಬೆಳಕಲ್ಲಿ ಕಾಕಾನ ಕಣ್ಣಿಗೆ ಅದು ಸಿಗಲಿಲ್ಲ. 25ರ ಐಪೀಸಿನಲ್ಲಿ ತ್ರಿಕೋನ ಪೂರ್ತಿ ಒಳಗೆ ಬಂತು. 65 ಪಟ್ಟು ಹಾಕಿದ್ದರೆ ಮೂಲೆಯ ಚುಕ್ಕಿ ಹೊರಗುಳಿಯುತ್ತಿತ್ತು. ಕಾಕಾ ಬಹಳ ಹೊತ್ತು ನೋಡಿ, "ಇಷ್ಟs ಇಷ್ಟದ, ಮಳಿ ಅಷ್ಟು ತರ್ತದ" ಅಂದರು. ಆಮೇಲೆ ಮೂರು ಚುಕ್ಕಿಯ ದಕ್ಷಿಣಕ್ಕಿರುವ ಓರಿಯನ್ ನೆಬ್ಯುಲಾ ತೋರಿಸಿದೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರ ಹುಟ್ಟುತ್ತಿರುವ ಮೋಡ. ಬೂದು ಬಣ್ಣದ್ದೇ ಕಾಣುತ್ತದೆ, ಫೋಟೋದ ಗುಲಾಬಿ ಬಣ್ಣ ಕಣ್ಣಿಗೆ ಸಿಗುವುದಿಲ್ಲ. ನಡುವಿನ ನಾಲ್ಕು ಪುಟ್ಟ ನಕ್ಷತ್ರ ಬಿಡಿಸಿ ನೋಡೋಕೆ ಮಾತ್ರ 65 ಬೇಕು. ಮೊಬೈಲ್ ನೋಡಬೇಡಿ, ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದರೆ ಸಾಕು.

ನಮಗೆ ಸಿಕ್ಕಿರುವ ದೊಡ್ಡ ಲಾಭ ದಕ್ಷಿಣದ ಆಕಾಶ. ಅಮೆರಿಕ, ಯುರೋಪಿನವರು ಮಾಡಿದ ಪಟ್ಟಿ ಹಿಡಿದು ನೋಡುವವರು ಇದನ್ನು ಮರೆಯುತ್ತಾರೆ. ಒಮೇಗಾ ಸೆಂಟಾರಿ ಅನ್ನೋ ನಕ್ಷತ್ರಗುಚ್ಛ ಲಂಡನ್ನಿನವರಿಗೆ ಎಂದೂ ದಿಗಂತದ ಮೇಲೆ ಬರುವುದೇ ಇಲ್ಲ. ಎಡ್ಮಂಡ್ ಹ್ಯಾಲಿ ಅದನ್ನು ಗುರುತಿಸಿದ್ದು 1677ರಲ್ಲಿ, ಹಡಗು ಹತ್ತಿ ಸೇಂಟ್ ಹೆಲೆನಾ ದ್ವೀಪಕ್ಕೆ ಹೋದ ಮೇಲೆ. ಕಲಬುರಗಿಯಲ್ಲಿ ಅದು ದಿಗಂತದಿಂದ 25 ಡಿಗ್ರಿ ಮೇಲೇರುತ್ತದೆ. ಹುಡುಕುವ ದಾರಿ ಸರಳ. ಮೇ ನಡುಭಾಗದಲ್ಲಿ ರಾತ್ರಿ ಹತ್ತೂಕಾಲು ಹತ್ತೂವರೆಗೆ ಚಿತ್ತಾ ನಕ್ಷತ್ರ ನೇರ ದಕ್ಷಿಣಕ್ಕೆ ಬರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಚಿತ್ತಾದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿಯಿರಿ, ಅಲ್ಲಿ 25ರ ಐಪೀಸ್ ಹಿಡಿದು ಮೆಲ್ಲಗೆ ಅತ್ತಿತ್ತ ಸರಿಸಿ. ದುಂಡಗಿನ ದೊಡ್ಡ ಮಸುಕು ಒಳಗೆ ಬರುತ್ತದೆ. ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರ, ಲಕ್ಷಾಂತರ ನಕ್ಷತ್ರ. ಸಿಕ್ಕ ಮೇಲೆ 10 ಹಾಕಿ ನೋಡಿ, ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ.

ಇದಕ್ಕೆ ಊರ ದಕ್ಷಿಣಕ್ಕೆ ಹೋಗಬೇಕು. ನಾನು ಜೇವರ್ಗಿ ರಸ್ತೆ ಹಿಡಿಯುತ್ತೇನೆ. ಅಲ್ಲಿ ನಿಂತರೆ ಕಲಬುರಗಿಯ ಬೆಳಕೆಲ್ಲ ಬೆನ್ನ ಹಿಂದೆ, ಎದುರಿಗೆ ಕತ್ತಲೆ. ಅದೇ ದೂರ ಉತ್ತರಕ್ಕೆ ಹೋದರೆ ಊರಿನ ಬೆಳಕು ನೀವು ನೋಡಬೇಕಾದ ಕಡೆಯೇ ಎದ್ದು ನಿಂತಿರುತ್ತದೆ. ತೊಗರಿ ಕಟಾವಾದ ಮೇಲೆ ಹೊಲಗಳು ಬಯಲಾಗಿರುತ್ತವೆ. ಗುರುತಿನವರ ಹೊಲವೇ ಇರಲಿ, ಮೊದಲೇ ಹೇಳಿ ಹೋಗಿ. ರಾತ್ರಿ ಹೊತ್ತು ಕೊಳವೆ ಹಿಡಿದು ನಿಂತವರನ್ನು ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ. ಕಾಲಿಗೆ ಬೂಟು ಇರಲಿ.

ಮಳೆಗಾಲದಲ್ಲಿ ಟೆಲಿಸ್ಕೋಪಿಗೆ ರಜೆ. ಎರಡೂ ತುದಿಗೆ ಮುಚ್ಚಳ ಹಾಕಿ, ಐಪೀಸುಗಳನ್ನು ಸಿಲಿಕಾ ಜೆಲ್ ಪುಡಿಕೆ ಜೊತೆ ಡಬ್ಬಿಯಲ್ಲಿಡುತ್ತೇನೆ. ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿದರೆ ಬಿಡಿಸೋದು ಕಷ್ಟ. ನಮ್ಮ ಕಡೆ ಧೂಳು ಜಾಸ್ತಿ, ಕನ್ನಡಿ ಮೇಲೆ ಸ್ವಲ್ಪ ಕೂತೇ ಕೂರುತ್ತದೆ. ಇರಲಿ ಬಿಡಿ, ನೋಟಕ್ಕೆ ಅಡ್ಡಿ ಇಲ್ಲ. ರಬ್ಬರ್ ಬ್ಲೋವರಿನಿಂದ ಊದಬಹುದು. ಬಟ್ಟೆಯಿಂದ ಮಾತ್ರ ಒರೆಸಬಾರದು, ಅಲ್ಯುಮಿನಿಯಂ ಲೇಪ ಗೀರುತ್ತದೆ.

ಅಕ್ಟೋಬರಿನಲ್ಲಿ ಮತ್ತೆ ತೆಗೆದಾಗ ಮೊದಲು ಕನ್ನಡಿ ಸರಿಯಾಗಿ ಕೂತಿದೆಯಾ ನೋಡಿ. ಒಂದು ದೊಡ್ಡ ನಕ್ಷತ್ರವನ್ನು ಬಾರ್ಲೋ ಮತ್ತು 10 ಹಾಕಿ ನಡುವೆ ತನ್ನಿ, ಆಮೇಲೆ ಫೋಕಸ್ ಸ್ವಲ್ಪ ಕೆಡಿಸಿ. ಬೆಳಕಿನ ಬಳೆಗಳು, ನಡುವೆ ಕಪ್ಪು ಗುಂಡು ಕಾಣುತ್ತವೆ. ಗುಂಡು ನಟ್ಟನಡುವೆ ಇದ್ದರೆ ಏನೂ ಮುಟ್ಟಬೇಡಿ. ಒಂದು ಕಡೆ ವಾಲಿದ್ದರೆ ಕನ್ನಡಿ ಹಿಂದಿನ ಮೂರು ಸ್ಕ್ರೂಗಳಲ್ಲಿ ಒಂದನ್ನು ಕಾಲು ಸುತ್ತು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ. ಇನ್ನೂ ವಾಲಿತು ಅಂದರೆ ಅದೇ ಸ್ಕ್ರೂ ಉಲ್ಟಾ ತಿರುಗಿಸಿ.