ನಾಲ್ಕು ಇಂಚು ಮಳೆ ಬಂದ ದಿನ ಬೆಕ್ಕಿಗೆ ಲೆಕ್ಕ ತಪ್ಪಿತು

ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಮಾವನವರು ಬರೆಯುತ್ತಿದ್ದರು, ಈಗ ಆ ಕೆಲಸ ನನ್ನದು. ಬೆಳಗ್ಗೆ ಎಂಟೂವರೆಗೆ ಛತ್ರಿ ಹಿಡಿದು ಅಂಗಳಕ್ಕೆ ಹೋಗಿ, ಮಳೆಮಾಪಕದ ನೀರು ಅಳೆದು, ಇಂಚು-ಸೆಂಟಿನಲ್ಲಿ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯವರು ಮಿಲಿಮೀಟರ್ ಅನ್ನಲಿ, ನಮ್ಮ ಕಡೆ ತೋಟದವರು ಫೋನ್ ಮಾಡಿದರೆ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟು?" ಅಂತಲೇ.

ಹತ್ತು ವರ್ಷದ ಮಗನಿಗೆ ನಾನು ಕೋಡಿಂಗ್ ಕಲಿಸಿದ್ದು ಈ ಪುಸ್ತಕ ಇಟ್ಟುಕೊಂಡು. ನಾನು ಓದಿದ್ದು ಬಿ.ಕಾಂ., ಕಂಪ್ಯೂಟರಿನವಳಲ್ಲ. ಮೊದಲು ದುಡ್ಡು ಕಟ್ಟಿ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿಸಿದ್ದೆವು. ಮೂರು ವಾರ ಅವರ ಪರದೆ ನೋಡಿ ನೋಡಿ ಹಣ್ಣು ಹಿಡಿಯುವ ಆಟ ಮಾಡಿದ. "ಈ ಬ್ಲಾಕ್ ತೆಗೆದರೆ ಏನಾಗುತ್ತೆ?" ಎಂದು ಕೇಳಿದೆ. ಕಣ್ಣು ಕಣ್ಣು ಬಿಟ್ಟ. ಅದಕ್ಕೇ ಹೇಳುವುದು, ಮೊದಲ ಪ್ರೋಗ್ರಾಂ ಆಟ ಆಗುವುದು ಬೇಡ. ಉತ್ತರ ಮನೆಯವರಿಗೆ ಮೊದಲೇ ಗೊತ್ತಿರುವ ಲೆಕ್ಕ ಆಗಲಿ. ಹಾಲಿನ ಲೆಕ್ಕ, ಕಾಫಿ ಕುಯ್ದ ಕಿಲೋ, ಯಾವುದಾದರೂ ಸರಿ. ಯಂತ್ರ ತಪ್ಪಿದರೆ ಹಿಡಿಯಲು ನಿಮಗೂ ಮಗುವಿಗೂ ಬರಬೇಕು.

ಬೇಕಾಗಿರುವುದು ಸ್ಕ್ರ್ಯಾಚ್, ಬ್ಲಾಕ್ ಎಂಬ ಆಜ್ಞೆಯ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನವರು 2007ರಲ್ಲಿ ಬಿಟ್ಟದ್ದು, ಉಚಿತ, ಎಂಟು ವರ್ಷ ದಾಟಿದ ಮಕ್ಕಳಿಗೆ. ಇನ್ನೂ ಚಿಕ್ಕವರಿಗೆ ಸ್ಕ್ರ್ಯಾಚ್ ಜೂನಿಯರ್ ಅಂತ ಬೇರೆಯೇ ಇದೆ. ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ನೆಟ್ ಇರುವ ದಿನವೇ ಸ್ಕ್ರ್ಯಾಚ್ ಆ್ಯಪ್ ಇಳಿಸಿಟ್ಟುಕೊಳ್ಳಿ, ಆಮೇಲೆ ಇಂಟರ್ನೆಟ್ ಬೇಡ, ಖಾತೆಯೂ ಬೇಡ. ಕರೆಂಟ್ ಹೋಗುವ ಮೊದಲು ಫೈಲ್ ಮೆನುವಿಗೆ ಹೋಗಿ ಸೇವ್ ಮಾಡುವ ಅಭ್ಯಾಸ ಮಾಡಿಸಿ. ಇದನ್ನು ನಾವು ಅತ್ತು ಕಲಿತೆವು.

ತೆರೆದಾಗ ಬಲಗಡೆ ವೇದಿಕೆ, ಅದರ ಮೇಲೆ ಒಂದು ಬೆಕ್ಕು. ಎಡಗಡೆ ಬಣ್ಣಬಣ್ಣದ ಬ್ಲಾಕುಗಳು: ಚಲನೆಯವು ನೀಲಿ, ಶುರು ಮಾಡಿಸುವವು ಹಳದಿ, ಮತ್ತೆ ಮತ್ತೆ ಮಾಡಿಸುವವು ಕಿತ್ತಳೆ. ಎಳೆದು ಒಂದರ ಕೆಳಗೊಂದು ಸಿಕ್ಕಿಸಿದರೆ ಮೇಲಿನಿಂದ ಕೆಳಕ್ಕೆ ನಡೆಯುತ್ತವೆ. ಆರು ಮೂಲೆಯ ಗುಂಡಿಗೆ ಆರು ಮೂಲೆಯ ಬ್ಲಾಕೇ ಕೂರುತ್ತದೆ, ದುಂಡಗಿನದನ್ನು ಒತ್ತಿದರೂ ಹೋಗದು. ಸ್ಪೆಲ್ಲಿಂಗ್ ತಪ್ಪಿ ಪ್ರೋಗ್ರಾಂ ನಿಲ್ಲುವ ಕಾಟ ಇಲ್ಲವೇ ಇಲ್ಲ. ಮೊದಲ ಅರ್ಧ ಗಂಟೆ ಬೆಕ್ಕನ್ನು ಓಡಾಡಿಸಲಿ ಬಿಡಿ. ಅಂಚಿಗೆ ಬಡಿದು ತಿರುಗುವಾಗ ಅದು ತಲೆಕೆಳಗಾಗುತ್ತದೆ. ಗಾಬರಿ ಬೇಡ, ರೊಟೇಶನ್ ಸ್ಟೈಲನ್ನು ಲೆಫ್ಟ್-ರೈಟ್ ಮಾಡಿದರೆ ಸರಿಹೋಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ವೇರಿಯಬಲ್ಸ್ ವಿಭಾಗದಲ್ಲಿ ಎರಡು ಡಬ್ಬಿ ಮಾಡಿ, 'ಇಂಚು' ಒಂದು, 'ಸೆಂಟು' ಒಂದು. ಹೆಸರು ಕನ್ನಡದಲ್ಲೇ ಇಡಬಹುದು. ಪ್ರೋಗ್ರಾಂ ಶುರು ಮಾಡಿಸುವ ಹಸಿರು ಬಾವುಟದ ಬ್ಲಾಕಿನ ಕೆಳಗೆ ಎರಡನ್ನೂ 'ಸೆಟ್' ಬ್ಲಾಕಿನಿಂದ 0 ಮಾಡಿ. ಇದನ್ನು ಮರೆತರೆ ಹಿಂದಿನ ವಾರದ ಮಳೆಯ ಮೇಲೇ ಈ ವಾರದ ಮಳೆ ಬಂದು ಕೂರುತ್ತದೆ. ಆಮೇಲೆ 'ರಿಪೀಟ್' ಬ್ಲಾಕಿಗೆ 7 ಕೊಟ್ಟು, ಅದರ ಹೊಟ್ಟೆಯೊಳಗೆ 'ಆಸ್ಕ್' ಬ್ಲಾಕ್ ಇಟ್ಟು "ಇವತ್ತು ಎಷ್ಟು ಸೆಂಟು?" ಎಂದು ಬರೆಯಿರಿ. ಬಂದ 'ಆನ್ಸರ್' ಅನ್ನು 'ಚೇಂಜ್' ಬ್ಲಾಕಿನಿಂದ ಸೆಂಟಿಗೆ ಕೂಡಿಸಿ. ಸೆಟ್‌ಗೂ ಚೇಂಜ್‌ಗೂ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ನಾನು ಹೇಳಿಕೊಟ್ಟದ್ದು ಹೀಗೆ: ಸೆಟ್ ಅಂದರೆ ಮಾಪಕದ ನೀರು ಚೆಲ್ಲಿ ಹೊಸದಾಗಿ ತುಂಬಿಸುವುದು, ಚೇಂಜ್ ಅಂದರೆ ಇದ್ದ ನೀರಿಗೇ ಇನ್ನಷ್ಟು ಹೊಯ್ಯುವುದು.

ಇನ್ನೊಂದು ಎಡವಟ್ಟು. ಮಗ "40 ಸೆಂಟು" ಎಂದು ಅಕ್ಷರ ಸಮೇತ ಟೈಪ್ ಮಾಡಿದ, ಮೊತ್ತ ಅಲ್ಲಾಡಲಿಲ್ಲ. ಕನ್ನಡ ಅಂಕಿಯಲ್ಲಿ ೪೦ ಎಂದು ಕೊಟ್ಟರೂ ಅಷ್ಟೇ. ಸಂಖ್ಯೆ ಎಂದು ಗುರುತು ಸಿಗದ್ದನ್ನು ಸ್ಕ್ರ್ಯಾಚ್ ಸದ್ದಿಲ್ಲದೆ ಸೊನ್ನೆ ಎಂದುಕೊಳ್ಳುತ್ತದೆ, ಬೈಯುವುದೂ ಇಲ್ಲ. ಬರೀ 40 ಕೊಡಿ.

ಇನ್ನು ಹಾಸಲು, ಅಂದರೆ ಕೂಡುವಾಗ ಮುಂದಿನ ಮನೆಗೆ ದಾಟಿಸುವ ಅಂಕಿ. ಸೆಂಟು ನೂರಾದರೆ ಇಂಚಿಗೆ ಒಂದು ಸೇರಬೇಕು. ಮಗ ತಾನೇ 'ಇಫ್' ಬ್ಲಾಕ್ ತಂದು, ಸೆಂಟು 99ಕ್ಕಿಂತ ಜಾಸ್ತಿ ಇದ್ದರೆ ಸೆಂಟಿನಿಂದ 100 ಕಳೆ, ಇಂಚಿಗೆ 1 ಕೂಡಿಸು ಎಂದು ಜೋಡಿಸಿ, ರಿಪೀಟಿನೊಳಗೇ ಇಟ್ಟ. ಜೂನ್ ಮೊದಲ ವಾರದ ಹನಿಮಳೆ ಕೊಟ್ಟು ನೋಡಿದೆವು. ಪುಸ್ತಕಕ್ಕೆ ಸರಿಯಾಗಿ ತಾಳೆಯಾಯಿತು. ಮನೆ ತುಂಬ ಕುಣಿದ.

ಆಮೇಲೆ ನಾನು ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದ ಒಂದು ಜುಲೈ ವಾರದ ಪುಟ ತೆಗೆದೆ: 85, 120, 40, 435, 210, 65, 95. ಪುಸ್ತಕದಲ್ಲಿ ಒಟ್ಟು 10 ಇಂಚು 50 ಸೆಂಟು. ಬೆಕ್ಕು ಹೇಳಿದ್ದು 6 ಇಂಚು 450 ಸೆಂಟು!

"450 ಸೆಂಟು ಅಂತ ಯಾರಾದ್ರೂ ಬರೀತಾರಾ?" ಎಂದು ಮಗನೇ ನಕ್ಕ. ನಾನು ಉತ್ತರ ಹೇಳಲಿಲ್ಲ. ನೀವೂ ಹೇಳಬೇಡಿ, ನಾಲಿಗೆ ತುರಿಸಿದರೂ ಸರಿ. ಕಾಗದದ ಮೇಲೆ ದಿನ ದಿನಕ್ಕೂ ಡಬ್ಬಿಯಲ್ಲಿ ಎಷ್ಟಿದೆ ಎಂದು ಬರೆಸಿದೆ. ಮೂರನೇ ದಿನಕ್ಕೆ 2 ಇಂಚು 45 ಸೆಂಟು, ಸರಿ. ನಾಲ್ಕನೇ ದಿನ 435 ಸೇರಿ ಸೆಂಟು 480 ಆಯಿತು. ಇಫ್ ಒಂದೇ ಸಲ ಕೇಳಿತು, ಒಂದೇ ನೂರು ಕಳೆಯಿತು, 380 ಹಾಗೇ ಉಳಿಯಿತು. ಪೆನ್ಸಿಲ್ ಕಚ್ಚಿಕೊಂಡು ಸುಮಾರು ಹೊತ್ತು ಕೂತ. "ಅಮ್ಮಾ, ಮಳೆ ಕಳೆದುಹೋಗಿಲ್ಲ, ಇಂಚಿನ ಡಬ್ಬಿಗೆ ಹೋಗಿಲ್ಲ ಅಷ್ಟೇ" ಅಂದ. ಇಫ್ ಕಿತ್ತು ಹಾಕಿ 'ರಿಪೀಟ್ ಅನ್‌ಟಿಲ್' ತಂದ: ಸೆಂಟು 100ಕ್ಕಿಂತ ಕಡಿಮೆ ಆಗುವ ತನಕ ನೂರು ನೂರೇ ಕಳೆಯುತ್ತಿರು, ಇಂಚಿಗೆ ಒಂದೊಂದೇ ಕೂಡಿಸುತ್ತಿರು. ಬಾವುಟ ಒತ್ತಿದ. 10 ಇಂಚು 50 ಸೆಂಟು.

ಆಪರೇಟರ್ಸ್‌ನಲ್ಲಿ 'ಮಾಡ್' ಎಂಬ ಬ್ಲಾಕಿದೆ, ನೂರರಿಂದ ಭಾಗಿಸಿ ಶೇಷವನ್ನು ಒಂದೇ ಏಟಿಗೆ ಕೊಡುತ್ತದೆ. ತಿಳಿದವರು ಅದನ್ನೇ ಹಾಕಿ ಅನ್ನುತ್ತಾರೆ. ನಾನು ಬೇಕೆಂದೇ ಬಚ್ಚಿಟ್ಟಿದ್ದೇನೆ, ನಿಧಾನವಾಗಿ ಅವನೇ ಹುಡುಕಲಿ.

ಕೊನೆಗೆ 'ಜಾಯಿನ್' ಬ್ಲಾಕಿನಿಂದ ಅಂಕಿ, ಪದ ಪೋಣಿಸಿ 'ಸೇ' ಬ್ಲಾಕಿಗೆ ಕೊಟ್ಟರೆ ಬೆಕ್ಕು ಗುಳ್ಳೆಯಲ್ಲಿ ಹೇಳುತ್ತದೆ. ನಮ್ಮದು ಈ ಕಡೆಯ ಅರೆಭಾಷೆ ಮಾತಾಡುತ್ತದೆ, ಕನ್ನಡ ಲಿಪಿಯಲ್ಲಿ ಏನು ಬರೆದರೂ ಅದಕ್ಕೆ ಆದೀತು.

ಈಗ ಪೆನ್ ಎಕ್ಸ್‌ಟೆನ್ಷನ್ ಹಾಕಿ ದಿನಕ್ಕೊಂದು ಕಂಬ ಎಳೆಯಬೇಕೆಂದು ಹಟ ಹಿಡಿದಿದ್ದಾನೆ. ವೇದಿಕೆಯ ಎತ್ತರ 360 ಸ್ಟೆಪ್ ಮಾತ್ರ, ಸೆಂಟಿಗೊಂದು ಸ್ಟೆಪ್ ಎಂದರೆ 435 ಸೆಂಟಿನ ಕಂಬ ಹಿಡಿಸುವುದಿಲ್ಲ. ಮೂರರಿಂದ ಭಾಗಿಸಬೇಕೋ ನಾಲ್ಕರಿಂದಲೋ ಎಂದು ಯೋಚಿಸುತ್ತಾ ಕೂತಿದ್ದಾನೆ. ಹೊರಗೆ ಮಳೆ ಜೋರಾಗಿದೆ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಉಳಿದಿರುವುದು ಹದಿನೆಂಟು ಪರ್ಸೆಂಟ್.