ಗುಜರಿಯ ಟರ್ಬೊ ಹಳೆಯ ಜೀಪಿಗೆ ಕೂತ ಬಗೆ: ನನ್ನ ಅನುಭವ

ಸಕಲೇಶಪುರದ ಕಡೆಯ ಕಾಫಿ ತೋಟದೊಳಗೆ ಮಾತ್ರ ಓಡಾಡುವ ಹಳೆಯ ಮಹೀಂದ್ರ ಜೀಪಿನ 2.5 ಲೀಟರ್ ಡೀಸೆಲ್ ಎಂಜಿನ್ನಿಗೆ, ಬೇರೊಂದು ವಾಹನದಿಂದ ಕಳಚಿ ಗುಜರಿಗೆ ಬಂದಿದ್ದ ಟರ್ಬೊ (ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುಂಬುವ ಸಾಧನ) ಜೋಡಿಸಿದ ವಿವರ ಇದು. ರಸ್ತೆಗಿಳಿಯುವ ವಾಹನವಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡಿಗೆ ಅಡ್ಡಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಟರ್ಬೊ ಆರಿಸುವಾಗ, ಅದರ ರೆಕ್ಕೆಚಕ್ರಗಳನ್ನು ಹೊತ್ತ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ. ಶಾಫ್ಟು ಎಣ್ಣೆಯ ಪದರದ ಮೇಲೆ ತಿರುಗುವುದರಿಂದ, ಎಣ್ಣೆ ಒಣಗಿದ ಟರ್ಬೊದಲ್ಲಿ ಅಡ್ಡಕ್ಕೆ ಸ್ವಲ್ಪ ಆಟವಿರುವುದು ಸಹಜ. ಆದರೆ ಒಳಕ್ಕೂ ಹೊರಕ್ಕೂ ಕೈಗೆ ತಿಳಿಯುವಷ್ಟು ಆಟವಿದ್ದರೆ, ಅಥವಾ ರೆಕ್ಕೆಯ ಅಂಚು ಹೌಸಿಂಗಿಗೆ, ಅಂದರೆ ಹೊರಕವಚಕ್ಕೆ, ಉಜ್ಜಿದ ಗುರುತಿದ್ದರೆ, ಎಷ್ಟು ಅಗ್ಗಕ್ಕೆ ಸಿಕ್ಕರೂ ಅದು ಬೇಡ.

ಎಂಜಿನ್ನಿನಿಂದ ಹೊಗೆ ಹೊರತರುವ ಮ್ಯಾನಿಫೋಲ್ಡಿನ ಫ್ಲಾಂಜಿಗೂ (ಬೋಲ್ಟು ಹಾಕಿ ಜೋಡಿಸುವ ಚಪ್ಪಟೆ ಮುಖ) ಟರ್ಬೊದ ನಾಲ್ಕು ರಂಧ್ರದ ಫ್ಲಾಂಜಿಗೂ ತಾಳೆಯಾಗುತ್ತಿರಲಿಲ್ಲ. ಸಾಮಾನ್ಯವಾಗಿ ಎಲ್ಲರೂ ಇಲ್ಲಿಂದಲೇ ಅಳತೆ ಶುರುಮಾಡುತ್ತಾರೆ. ನಾನು ಎಣ್ಣೆ ಇಳಿಯುವ ದಾರಿಯಿಂದ ಶುರುಮಾಡಿದೆ. ಒತ್ತಡದಲ್ಲಿ ಒಳಹೋದ ಎಣ್ಣೆ ಬೇರಿಂಗ್ ದಾಟಿದ ಮೇಲೆ ನೊರೆಯಾಗಿ, ತನ್ನ ಭಾರದಿಂದಷ್ಟೇ ಎಂಜಿನ್ ತಳದ ಎಣ್ಣೆತೊಟ್ಟಿಯಾದ ಸಂಪಿಗೆ ಇಳಿಯಬೇಕು. ದಾರಿ ಕಿರಿದಾದರೆ ಅಥವಾ ಮಧ್ಯೆ ಮೇಲಕ್ಕೆ ಬಾಗಿದರೆ ಅದು ಶಾಫ್ಟಿನ ಉಂಗುರಗಳನ್ನು ದಾಟಿ ಸೈಲೆನ್ಸರಿಗೆ ಹೋಗುತ್ತದೆ. ಆಗ ನೀಲಿ ಹೊಗೆ ಕಂಡವರು ಸೀಲ್ ಹೋಯಿತೆಂದು ಚೆನ್ನಾಗಿರುವ ಟರ್ಬೊವನ್ನೇ ಬಿಚ್ಚುತ್ತಾರೆ. ಆದ್ದರಿಂದ ಟರ್ಬೊವನ್ನು ಸಂಪಿನ ಎಣ್ಣೆಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿ, ಎಣ್ಣೆಯ ಹೊರದಾರಿ ಬಹುತೇಕ ನೇರ ಕೆಳಕ್ಕೆ ಬರುವಂತೆ ತಂತಿಯಲ್ಲಿ ತೂಗುಹಾಕಿ, ಸ್ಟೀರಿಂಗ್ ರಾಡಿಗೂ ಬಾನೆಟ್ಟಿಗೂ ತಾಗದ ಜಾಗ ಗೊತ್ತುಮಾಡಿಕೊಂಡ ಮೇಲೆಯೇ ಎರಡು ಫ್ಲಾಂಜುಗಳನ್ನು ಕೂಡಿಸುವ ಅಡಾಪ್ಟರಿನ ಎತ್ತರವನ್ನೂ ಕೋನವನ್ನೂ ಅಳೆದೆ.

ರಂಧ್ರಗಳ ನಕಲು ತೆಗೆಯಲು ಫ್ಲಾಂಜಿನ ಮೇಲೆ ದಪ್ಪ ರಟ್ಟು ಇಟ್ಟು, ಅಂಚುಗುಂಟ ಸುತ್ತಿಗೆಯ ಗುಂಡುತಲೆಯಿಂದ ಮೆಲ್ಲಗೆ ತಟ್ಟಿದರೆ ಅಚ್ಚು ನಿಖರವಾಗಿ ಮೂಡುತ್ತದೆ. ಹಾಗೆ ತೆಗೆದ ಎರಡು ಅಚ್ಚುಗಳಿಂದ ದಪ್ಪ ಮೈಲ್ಡ್ ಸ್ಟೀಲಿನಲ್ಲಿ ಎರಡು ಫ್ಲಾಂಜ್ ಕತ್ತರಿಸಿಸಿ, ನಡುವೆ ದಪ್ಪಗೋಡೆಯ ಗಿಡ್ಡ ಪೈಪಿನ ತುಂಡಿಟ್ಟು ಬೆಸುಗೆ ಹಾಕಿಸಿದೆ. ಬೀಡುಕಬ್ಬಿಣದ ಮ್ಯಾನಿಫೋಲ್ಡಿಗೆ ಮಾತ್ರ ಬೆಸುಗೆ ತಾಗಿಸಲಿಲ್ಲ. ಕಾಯಿಸದೆ ಬೆಸೆದ ಬೀಡು ಪಕ್ಕದಲ್ಲೇ ಬಿರುಕುಬಿಡುತ್ತದೆ. ಬೆಸುಗೆಯ ಕಾವಿಗೆ ಫ್ಲಾಂಜು ಹಪ್ಪಳದಂತೆ ಡೊಂಕಾಗುವುದರಿಂದ, ಆರಿದ ಮೇಲೆ ಎರಡೂ ಮುಖಗಳನ್ನು ಯಂತ್ರದಲ್ಲಿ ಮಟ್ಟ ಮಾಡಿಸುವುದು ಬಿಡಬಾರದ ಖರ್ಚು. ಒಳಗಿನ ಬೆಸುಗೆಯ ಗುಳ್ಳೆಗಳನ್ನೂ ಉಜ್ಜಿಸಿದೆ, ಏಕೆಂದರೆ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲ ಚಕ್ರಕ್ಕೆ ಸಾಸಿವೆಯಷ್ಟು ಲೋಹ ಬಡಿದರೂ ರೆಕ್ಕೆ ಮುರಿಯುತ್ತದೆ.

ಹೊಸ ಕೋನಕ್ಕೆ ತಕ್ಕಂತೆ ಹೊಗೆ ಹಾಯುವ ಬದಿಯ ಟರ್ಬೈನ್ ಹೌಸಿಂಗಿನ ಬೋಲ್ಟು ಸಡಿಲಿಸಿ, ಬೇರಿಂಗ್ ಇರುವ ನಡುಭಾಗವನ್ನು ತಿರುಗಿಸಿದೆ. ಜೊತೆಗೆ ಗಾಳಿ ಒತ್ತುವ ಬದಿಯ ಕಂಪ್ರೆಸರ್ ಹೌಸಿಂಗನ್ನೂ ತಿರುಗಿಸಿದಾಗ ಅದಕ್ಕೆ ಅಂಟಿಕೊಂಡಿದ್ದ ಆಕ್ಚುಯೇಟರಿನ, ಅಂದರೆ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಬಾಗಿಲನ್ನು ತೆರೆಯುವ ಸಾಧನದ, ರಾಡು ಓರೆಯಾಯಿತು. ಓರೆ ರಾಡು ಸಿಕ್ಕಿಕೊಂಡು ವೇಸ್ಟ್‌ಗೇಟ್ ತೆರೆಯದಿದ್ದರೆ ಒತ್ತಡ ಮಿತಿಮೀರುವುದರಿಂದ ಅದಕ್ಕೆ ಬೇರೆ ಬ್ರಾಕೆಟ್ ಮಾಡಿಸಿ, ಕೈಪಂಪು ಮತ್ತು ಗೇಜಿನಿಂದ ಪರೀಕ್ಷಿಸಿ, ಸುಮಾರು ಅರ್ಧ ಬಾರ್ ಒತ್ತಡಕ್ಕೆ ಅದು ತೆರೆಯುವಂತೆ ಹೊಂದಿಸಿದೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ, ಟರ್ಬೊಗೆಂದು ಕಟ್ಟಿರದ ಎಂಜಿನ್ನಿಗೆ ಅಷ್ಟು ಸಾಕು. ಡೀಸೆಲ್ ಪಂಪನ್ನು ಮುಟ್ಟಲಿಲ್ಲ.

ಎಣ್ಣೆಯ ಒಳದಾರಿಯನ್ನು ಆಯಿಲ್ ಪ್ರೆಶರ್ ಸ್ವಿಚ್ಚಿನ ಜಾಗದಿಂದ ಟೀ ಹಾಕಿ ತಂದೆ. ಹೊರದಾರಿಗೆ ಅರ್ಧ ಇಂಚಿಗಿಂತ ಅಗಲವಾದ ಪೈಪು ಹಾಕಿದೆ. ಅದರ ಜೋಡಣೆಗೆ ಸಿಲಿಕೋನ್ ಪೇಸ್ಟ್ ಬಳಸಲಿಲ್ಲ, ಒಳಕ್ಕೆ ಹಿಂಡಿದ ಪೇಸ್ಟೇ ದಾರಿ ಮುಚ್ಚುತ್ತದೆ. ಮೊದಲ ಸಲ ಡೀಸೆಲ್ ನಿಲ್ಲಿಸಿ, ರಿಟರ್ನ್ ಪೈಪಿನಲ್ಲಿ ಎಣ್ಣೆ ಕಾಣುವವರೆಗೆ ಸ್ಟಾರ್ಟರ್ ಮಾತ್ರ ಬಿಟ್ಟುಬಿಟ್ಟು ತಿರುಗಿಸಿ, ಆಮೇಲೆ ಎಂಜಿನ್ ಚಾಲೂ ಮಾಡಿದೆ.

ಕೆಲವು ಸಲ ಕಾದು ಆರಿದ ಬಳಿಕ ಅಡಾಪ್ಟರಿನ ನಟ್ಟುಗಳು ಸಡಿಲಾಗುತ್ತವೆ. ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ ಎಂದರ್ಥ. ಎಂಜಿನ್ ತಣ್ಣಗಾದ ಮೇಲೆ ಎದುರುಬದುರಾಗಿ ಬಿಗಿಮಾಡಿ, ಟರ್ಬೊದ ಭಾರವೆಲ್ಲ ಸ್ಟಡ್ಡುಗಳ ಮೇಲೆ ಬೀಳದಂತೆ ಎಂಜಿನ್ ಬ್ಲಾಕಿನಿಂದ ಒಂದು ಆಧಾರಪಟ್ಟಿ ಕೊಟ್ಟಿದ್ದೇನೆ. ಕಾವಿಗೆ ಮ್ಯಾನಿಫೋಲ್ಡು ಹಿಗ್ಗಲು ಆಸ್ಪದವಿರಲೆಂದು ಆ ಪಟ್ಟಿಯ ರಂಧ್ರವನ್ನು ಉದ್ದವಾಗಿ ಕೊರೆಸಿದೆ.